ಎತ್ತಿಗೆ ಸೋಮವಾರವಿದೆ, ಓದುವ ಮಗುವಿಗೆ?



ನಮ್ಮ ಒಕ್ಕಲುತನದ ಮನೆಗಳಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಿತ್ತಿಗೆಯ ಹದ ಮೀರುತ್ತಿದ್ದರೂ ಹಿರಿಯರು ಈ ನೇಮ ಮುರಿಯುತ್ತಿರಲಿಲ್ಲ. ಎತ್ತು ನಮ್ಮ ಹೊಟ್ಟೆಗಾಗಿ ದುಡಿಯುವುದು ನಿಜ, ಆದರೆ ಅದರ ಕಸುವೆಲ್ಲ ನಮ್ಮದಲ್ಲ ಎಂಬ ತಿಳಿವಳಿಕೆ ಆ ಪದ್ಧತಿಯಲ್ಲಿದೆ. ಅದೇ ಮನೆಯಲ್ಲಿ 10ನೆಯ, 12ನೆಯ ಇಯತ್ತೆಯ ಪರೀಕ್ಷೆಗೆ ಕುಳಿತ ಮಗನಿಗೆ, ಮಗಳಿಗೆ ವಾರದ ಏಳು ದಿನವೂ ಬಿಡುವಿಲ್ಲ. ನಸುಕಿನ 4ಕ್ಕೆ ಎಬ್ಬಿಸುತ್ತೇವೆ, ರಾತ್ರಿ 12ರವರೆಗೆ ಪುಸ್ತಕದ ಮುಂದೆ ಕೂಡಿಸುತ್ತೇವೆ. ವಿದ್ಯೆಗಾಗಿ ದೇಹವನ್ನು ಹೀಗೆ ಸವೆಸುವುದು ತ್ಯಾಗವೇ, ತಪ್ಪೇ? ಈ ಪ್ರಶ್ನೆಯನ್ನು ತಮ್ಮ ಮುಂದಿಡಬಯಸುತ್ತೇವೆ.

ನಾವು ಇದನ್ನು ಅನುಭವದಿಂದಲೇ ಕೇಳುತ್ತಿದ್ದೇವೆ. ಬಿ.ಕಾಂ. ಕೊನೆಯ ವರ್ಷದ ಪರೀಕ್ಷೆಗೆ ಒಂದು ತಿಂಗಳು ಉಳಿದಾಗ ಬಾಡಿಗೆ ಕೋಣೆಯಲ್ಲಿ ಚಹಾ ಕುಡಿಯುತ್ತ ಬೆಳತನಕ ಓದಿದೆವು. ಊಟದ ಹೊತ್ತು ತಪ್ಪಿತು, ಮಲಬದ್ಧತೆಯಾಯಿತು, ತಲೆನೋವು ಹಿಡಿಯಿತು. ಇದೆಲ್ಲ ಶ್ರಮದ ಗುರುತೆಂದು ಹೆಮ್ಮೆಪಟ್ಟೆವು. ಕಾಸ್ಟ್ ಅಕೌಂಟಿಂಗ್ ಪತ್ರಿಕೆಯ ದಿನ ಪ್ರಶ್ನೆಗಳೆಲ್ಲ ಗೊತ್ತಿದ್ದವೇ. ಆದರೆ ಅಂಕಿಗಳು ಕಣ್ಣ ಮುಂದೆ ಕದಲತೊಡಗಿದವು. ಒಂದೇ ಮೊತ್ತವನ್ನು ಮೂರು ಸಲ ಕೂಡಿಸಿದರೆ ಮೂರು ಉತ್ತರ ಬಂದವು. ಆ ವಿಷಯದಲ್ಲಿ ನಪಾಸಾಗಿ ಅಕ್ಟೋಬರದಲ್ಲಿ ಮತ್ತೆ ಕುಳಿತೆವು. ಊರಿಗೆ ಬಂದಾಗ ತಂದೆಯವರು ಬೈಯಲಿಲ್ಲ. ಕೊಟ್ಟಿಗೆಯಲ್ಲಿ ಮೇವು ಹಾಕುತ್ತ, “ಎತ್ತಿಗೆ ಸೋಮವಾರ ಐತಿ. ನಿನಗ ಯಾವ ವಾರ ಇತ್ತೋ ತಮ್ಮಾ?” ಎಂದು ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ.

ಕಳೆದ ವರ್ಷ ಶ್ರೀಮಠದ ಪ್ರಸಾದ ನಿಲಯದಲ್ಲಿ ರಾತ್ರಿ 9.30ಕ್ಕೆ ದೀಪ ಆರಿಸಿ, ನಸುಕಿನ 5.30ಕ್ಕೆ ಎಬ್ಬಿಸುವ ನಿಯಮ ಮಾಡಿದೆವು. ಜತ್ತ ಭಾಗದ ಭಕ್ತರೊಬ್ಬರು ಬಂದು ನೊಂದು ಮಾತಾಡಿದರು. “ಉಳ್ಳವರ ಹುಡುಗರು ಲಾತೂರಿಗೆ, ಪುಣೆಗೆ ಹೋಗಿ ರೊಕ್ಕಾ ಕೊಟ್ಟು ಟ್ಯೂಷನ್ ಕಲೀತಾರ್ರಿ. ನನ್ನ ಮಗನ ಹತ್ರ ರಾತ್ರಿ ಬಿಟ್ರ ಬ್ಯಾರೆ ಏನೈತ್ರಿ? ಅದನ್ನೂ ನೀವು ಕಸಗೊಂಡ್ರ ಹ್ಯಾಂಗ್ರಿ? ನಾ ಹೊಲದಾಗ ಮೈ ದಣಿಸಿಲ್ಲೇನ್ರಿ?” ಎಂದರು. ಅವರ ಮಾತು ಸುಳ್ಳಲ್ಲ. ಮಳೆ ನಂಬಿದ ನೆಲದಲ್ಲಿ ಬೆನ್ನು ಬಾಗಿಸಿ ಮಗನನ್ನು ಓದಿಸುವ ತಂದೆಗೆ ‘ಮಗ ಮಲಗಲಿ ಬಿಡಿ’ ಎನ್ನುವುದು ಸುಲಭವಲ್ಲ. ಕಾಯಕವೆಂದ ಮೇಲೆ ಮೈ ದಣಿಯಲೇಬೇಕು.

ಆದರೆ ದಣಿವು ಬೇರೆ, ಮುರಿವು ಬೇರೆ. ವ್ಯಾಪಾರಿ ಬಂಧುಗಳಿಗೆ ಇದು ಬೇಗ ತಿಳಿದೀತು. ಗಾಡಿ ತಿರುಗಿದಂತೆ ಸವೆಯುತ್ತದೆ. ಆ ಸವಕಳಿಯನ್ನು ಖರ್ಚಿನಲ್ಲಿ ಹಿಡಿದು, ವೇಳೆಗೆ ಸರಿಯಾಗಿ ದುರಸ್ತಿ ಮಾಡಿಸುವವನು ನಿಜವಾದ ವ್ಯಾಪಾರಿ. ದುರಸ್ತಿಯ ಹಣವನ್ನೂ ಲಾಭವೆಂದು ಬರೆದುಕೊಂಡವನ ಲೆಕ್ಕ ಚೆಂದ ಕಾಣುತ್ತದೆ, ಗಾಡಿ ಮಾತ್ರ ನಡುದಾರಿಯಲ್ಲಿ ನಿಲ್ಲುತ್ತದೆ. ನಿದ್ದೆಗೆಟ್ಟು ಓದಿದ ತಾಸುಗಳೂ ಅಂಥ ಸುಳ್ಳು ಲಾಭವೇ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕು. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಅವಶ್ಯವೆಂದು ವೈದ್ಯರು ಹೇಳುತ್ತಾರೆ. ಇನ್ನು ಬಡವರ ಮಗನಿಗಂತೂ ದೇಹವೇ ಬಂಡವಾಳ. ಅದು ಕೆಟ್ಟರೆ ದವಾಖಾನೆಗೆ ಸುರಿಯಲು ಅವನ ಹತ್ತಿರ ಎರಡನೆಯ ಬಂಡವಾಳವಿಲ್ಲ. ಆದ್ದರಿಂದ ಉಳ್ಳವರಿಗಿಂತ ಹೆಚ್ಚು ಜೋಪಾನ ಮಾಡಬೇಕಾದವರು ನಾವೇ.

ಜೋಪಾನಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. 5ರಿಂದ 17 ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು, ದುಡಿಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಶಾಲೆಯ ದಿನಗಳಲ್ಲಿ 40 ನಿಮಿಷ ಹೆಚ್ಚಾಗಿ ಬಯಲಲ್ಲಿ ಆಡಿಸಿ 3 ವರ್ಷ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ದೂರದ್ದು ಮಸುಕಾಗುವ ದೃಷ್ಟಿದೋಷ ಆ ಗುಂಪಿನಲ್ಲಿ ನೂರಕ್ಕೆ 30 ಮಕ್ಕಳಿಗೆ ಬಂದರೆ, ಉಳಿದವರಲ್ಲಿ ನೂರಕ್ಕೆ ಸುಮಾರು 40 ಮಕ್ಕಳಿಗೆ ಬಂದಿತ್ತು. ನಮ್ಮ ಮಕ್ಕಳಿಗೆ ಬಯಲಿನ ಕೊರತೆಯಿಲ್ಲ, ಬಿಡುವವರ ಕೊರತೆಯಿದೆ. ಓದುವಾಗ ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು, ದೂರದ ಗಿಡವನ್ನು ನೋಡಿ ಬರಲಿ; ಕಣ್ಣಿಗೂ ಬೆನ್ನಿಗೂ ಹಿತವಾಗುತ್ತದೆ. ಕೈಯಳತೆಯಲ್ಲಿ ನೀರಿನ ತಂಬಿಗೆ ಇರಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಪುಸ್ತಕ ಹಿಡಿದು ತೂಕಡಿಸುವ ಮಗಳನ್ನು ಸೋಮಾರಿಯೆಂದು ಗದರುವ ಮೊದಲು ಅವಳ ರಕ್ತ ತಪಾಸಣೆ ಮಾಡಿಸಿರಿ. ಅವಳು ಓದಿನ ಜೊತೆಗೆ ಕಸ, ಮುಸುರೆ, ನೀರಿನ ಕೆಲಸವನ್ನೂ ಮಾಡುತ್ತಾಳೆಂಬುದು ನೆನಪಿರಲಿ. ರೊಟ್ಟಿಯ ಜೊತೆ ಕಾಳುಪಲ್ಯ, ಸೊಪ್ಪು, ಶೇಂಗಾ ಹಿಂಡಿ, ಲಿಂಬೆಯ ಹೋಳು ಇರಲಿ. ಊಟದ ಬೆನ್ನಿಗೇ ಚಹಾ ಬೇಡ. ಅನ್ನದೊಳಗಿನ ಕಬ್ಬಿಣದ ಅಂಶ ಮೈಗೆ ಹತ್ತುವುದನ್ನು ಚಹಾ ಕಡಿಮೆ ಮಾಡುತ್ತದೆ.

ಅರಿವು ಬೇಕೆಂದು ಅಂಗವನ್ನು ದಂಡಿಸುವುದು ಶರಣರ ಮಾರ್ಗವಲ್ಲ. ಲಿಂಗವನ್ನು ಧರಿಸಿದ ಅಂಗ ಅದು. ನಮ್ಮ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದವರೂ ಹೌದು, ವಚನ ರಚಿಸಿದವರೂ ಹೌದು. ಅವರಲ್ಲಿ ಮೈಗೆಲಸವೂ ತಿಳಿವೂ ಒಂದನ್ನೊಂದು ಕೆಡಿಸಲಿಲ್ಲ. ಮಗನ ದೇಹ ಅವನಿಗೆ ಬಾಳಿನುದ್ದಕ್ಕೂ ಬೇಕಾದದ್ದು. ಒಂದು ಪರೀಕ್ಷೆಗಾಗಿ ಅದನ್ನು ಒತ್ತೆಯಿಡುವ ಹಕ್ಕು ತಂದೆಗೂ ಇಲ್ಲ, ಮಠಕ್ಕೂ ಇಲ್ಲ. ಮಗನಿಗೂ ಇಲ್ಲವೆಂದೇ ನಾವು ತಿಳಿದಿದ್ದೇವೆ.

ಆ ಭಕ್ತರಿಗೂ ಇದನ್ನೇ ಅರಿಕೆ ಮಾಡಿದೆವು. ಆದರೆ ರಾತ್ರಿಯನ್ನು ತೆಗೆದುಕೊಂಡವರು ಅದಕ್ಕೆ ಬದಲಾಗಿ ಬೇರೆ ಹೊತ್ತನ್ನು ಕೊಡಬೇಕಲ್ಲವೇ? ಅದಕ್ಕಾಗಿ ಸಂಜೆ 6ರಿಂದ 9ರವರೆಗೆ ಮಠದ ಸಭಾಮಂಟಪವನ್ನು ಓದುವ ಮಕ್ಕಳಿಗೆ ತೆರೆದಿದ್ದೇವೆ. ಒಂದೇ ಕೋಣೆಯ ಮನೆಯವರು, ನಿಲಯದಲ್ಲಿ ಇರದವರು ಕೂಡ ಬರಬಹುದು. ಬೆಳಕು, ನೀರು, ಪ್ರಸಾದ ಮಠದ್ದು. ಆ ಭಕ್ತರು ಪೂರ್ತಿ ಒಪ್ಪಿದರೆಂದು ಹೇಳಲಾರೆವು. ಆದರೆ ಮಗನನ್ನು ಇಲ್ಲಿಯೇ ಬಿಟ್ಟು ಹೋದರು.

ಬಂಧುಗಳಲ್ಲಿ ನಮ್ಮದೊಂದೇ ವಿನಂತಿ. ಬರುವ ಸೋಮವಾರ ಎತ್ತಿನ ನೊಗ ಗೋಡೆಗೆ ಆನಿಸಿಟ್ಟ ಮೇಲೆ, ಒಳಗೆ ಹೋಗಿ ಮಗುವಿನ ಪುಸ್ತಕವನ್ನೂ ಆ ಸಂಜೆಯ ಮಟ್ಟಿಗೆ ಮುಚ್ಚಿಡಿರಿ. ಜೊತೆಯಲ್ಲಿ ಹೊಲದ ತನಕ ನಡೆದು ಬನ್ನಿರಿ.


ಕಾರ್ಯದರ್ಶಿ, ಶ್ರೀಮಠ