ಅವಳಾಗಿಯೇ ನುಂಗಿದಳು, ನಮ್ಮದೇನು ತಪ್ಪು?

'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆ ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಯಾರಾದರೂ ತಾವಾಗಿಯೇ ಕೇಡು ತಂದುಕೊಂಡರೆ ಈ ಒಂದು ಮಾತು ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಪಿಲಾತನೂ ಅಂದು ಕೈ ತೊಳೆದುಕೊಂಡಿದ್ದ. ಆದರೆ ವಿಷ ನುಂಗಿದವರದಷ್ಟೇ ತಪ್ಪೇ? ಮಾರಿದವನದು ಏನೂ ಇಲ್ಲವೇ? ತೆಳ್ಳಗಾಗುವ ಆಸೆಯಿಂದ ಪ್ರಾಣ ಕಳೆದುಕೊಂಡ ಒಬ್ಬ ಯುವತಿಯ ವಿಷಯದಲ್ಲಿ ಇಂಗ್ಲೆಂಡಿನ ನ್ಯಾಯಾಲಯಗಳು ಇದೇ ಪ್ರಶ್ನೆಯನ್ನು ವರ್ಷಗಟ್ಟಲೆ ಚರ್ಚಿಸಿದವು.

ಆಕೆ ನುಂಗಿದ ವಸ್ತುವಿನ ಹೆಸರು ಡೈನೈಟ್ರೋಫಿನಾಲ್. ಚಿಕ್ಕದಾಗಿ ಡಿ.ಎನ್.ಪಿ. ಎನ್ನುತ್ತಾರೆ. ಇದೊಂದು ಹಳದಿ ಪುಡಿ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಮದ್ದುಗುಂಡಿನ ಕಾರ್ಖಾನೆಗಳು ಸ್ಫೋಟಕಕ್ಕೆ ಇದನ್ನು ಬೆರೆಸುತ್ತಿದ್ದವು. ಅಲ್ಲಿ ದುಡಿದ ಕಾರ್ಮಿಕರು ಬೆವತು, ಜ್ವರ ಬಂದು, ಸೊರಗಿದರು, ಕೆಲವರು ಸತ್ತರು. ಇದು ಮೈ ಇಳಿಸುತ್ತದೆಂದು 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ್ದೇ ತಡ, ಜನ ಮುಗಿಬಿದ್ದು ಕೊಂಡರು. ಹಲವರ ಕಣ್ಣಿಗೆ ಪೊರೆ ಬಂತು, ಕೆಲವರ ಪ್ರಾಣ ಹೋಯಿತು. 1938ರ ಹೊಸ ಔಷಧ ಕಾನೂನಿನ ನಂತರ, ಇದು ಮನುಷ್ಯರ ಸೇವನೆಗೆ ತಕ್ಕದ್ದಲ್ಲವೆಂದು ಅಲ್ಲಿ ಸಾರಲಾಯಿತು.

ಇದು ಮಾಡುವ ಕೆಡುಕು ಯಾವುದು? ನಾವು ಉಂಡ ಅನ್ನದ ಶಕ್ತಿಯನ್ನು ಜೀವಕೋಶಗಳು ಕೂಡಿಟ್ಟುಕೊಂಡು ಬೇಕಾದಂತೆ ಬಳಸುತ್ತವೆ. ಡಿ.ಎನ್.ಪಿ. ಆ ಕೂಡಿಡುವ ಕೆಲಸವನ್ನೇ ಕೆಡಿಸುತ್ತದೆ. ಶಕ್ತಿಯೆಲ್ಲ ಬರಿಯ ಶಾಖವಾಗಿ ಪೋಲಾಗುತ್ತದೆ. ಒಲೆಯಲ್ಲಿ ಸೌದೆ ಧಗಧಗ ಉರಿಯುತ್ತದೆ, ಅನ್ನ ಮಾತ್ರ ಬೇಯುವುದಿಲ್ಲ. ಕೊನೆಗೆ ಮನೆಗೇ ಬೆಂಕಿ. ಮೈ ಇಳಿಸುವ ಪ್ರಮಾಣಕ್ಕೂ ಪ್ರಾಣ ತೆಗೆಯುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ. ಇದಕ್ಕೆ ಪ್ರತಿವಿಷವೂ ಇಲ್ಲ.

2015ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ 21 ವರ್ಷದ ಆ ವಿದ್ಯಾರ್ಥಿನಿ ಇಂಟರ್ನೆಟ್‌ನಲ್ಲಿ ತರಿಸಿದ ಈ ಮಾತ್ರೆಗಳನ್ನು ನುಂಗಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಆಕೆಗೆ ಬುಲಿಮಿಯಾ ಎಂಬ ಕಾಯಿಲೆಯಿತ್ತು. ಮಿತಿಮೀರಿ ತಿನ್ನುವುದು, ದಪ್ಪಗಾದೇನೆಂಬ ಭಯದಿಂದ ಕಕ್ಕುವುದು ಅದರ ಲಕ್ಷಣ. ಮಾರಿದವನು ಚೀನಾದಿಂದ ಪುಡಿ ತರಿಸಿ ಲಂಡನ್ನಿನಲ್ಲಿ ಕ್ಯಾಪ್ಸೂಲ್‌ಗಳಿಗೆ ತುಂಬುತ್ತಿದ್ದ. 2018ರಲ್ಲಿ ಅವನು ಅಪರಾಧಿಯೆಂದು ತೀರ್ಪಾಯಿತು. ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಆಕೆ ತಿಳಿದು, ಸ್ವಂತ ಇಚ್ಛೆಯಿಂದ ನುಂಗಿದಳೇ ಎಂಬುದನ್ನು ಸರಿಯಾಗಿ ವಿಚಾರಿಸಬೇಕಿತ್ತು ಎಂಬುದು ಅದರ ಅಭಿಪ್ರಾಯ. 2020ರ ಮರುವಿಚಾರಣೆಯಲ್ಲಿ ಅವನು ಮತ್ತೆ ಅಪರಾಧಿಯೆನಿಸಿದ. ಏಳು ವರ್ಷ ಸೆರೆವಾಸವಾಯಿತು.

ಈ ವಿಚಾರ ನಮಗೆ ಹೊಸದಲ್ಲ. ಮಾರಕ ಪಾಪವಾಗಬೇಕಾದರೆ ವಿಷಯ ಗಂಭೀರವಾಗಿದ್ದರೆ ಸಾಲದು, ಪೂರ್ಣ ಅರಿವೂ ಪೂರ್ಣ ಸಮ್ಮತಿಯೂ ಇರಬೇಕೆಂದು ಧರ್ಮೋಪದೇಶದ ತರಗತಿಯಲ್ಲಿ ಎಲ್ಲರೂ ಕಲಿತಿದ್ದೇವೆ. ಕಾಯಿಲೆ ಮನಸ್ಸನ್ನು ಕಟ್ಟಿಹಾಕಿದಾಗ ಸಮ್ಮತಿ ಎಲ್ಲಿಂದ ಪೂರ್ಣವಾದೀತು? ದೇವರು ಕೊಟ್ಟ ದೇಹವನ್ನು ಕಾಪಾಡಿಕೊಳ್ಳುವ ಹೊಣೆ ನಮ್ಮದೇ, ನಿಜ. ಆದರೆ ಬಿದ್ದವಳ ಅಪರಾಧವನ್ನು ಅಳೆಯುವ ತಕ್ಕಡಿ ನಮ್ಮ ಕೈಯಲ್ಲಿಲ್ಲ.

ಮಾರುವವನ ಸ್ಥಿತಿ ಬೇರೆ. ಅವನಿಗೆ ಅರಿವಿದೆ, ಲಾಭದ ಲೆಕ್ಕವೂ ಇದೆ. ಇಂಥವರು ಡಬ್ಬಿಯ ಮೇಲೆ 'ಮನುಷ್ಯರು ಸೇವಿಸತಕ್ಕದ್ದಲ್ಲ' ಎಂದು ಅಚ್ಚು ಹಾಕಿಸಿ, ತೆಳ್ಳಗಾಗಬೇಕೆನ್ನುವವರಿಗೇ ಮಾರುವುದುಂಟು. ಕಾನೂನಿನ ಕಣ್ಣಿಗೆ ಮಣ್ಣೆರಚಬಹುದು, ದೇವರ ಐದನೆಯ ಕಟ್ಟಳೆಗೆ ಮಣ್ಣೆರಚಲಾದೀತೇ? ಇನ್ನೊಬ್ಬರ ದೌರ್ಬಲ್ಯ ಕಂಡು ವ್ಯಾಪಾರ ಹೂಡಿದವನು ಅವರ 'ಇಚ್ಛೆ'ಯ ಹಿಂದೆ ಅಡಗಿಕೊಳ್ಳಲಾರ. ಬ್ರಿಟನ್ 2023ರ ಅಕ್ಟೋಬರ್ 1ರಿಂದ ಡಿ.ಎನ್.ಪಿ.ಯನ್ನು ನಿಯಂತ್ರಿತ ವಿಷಗಳ ಪಟ್ಟಿಗೆ ಸೇರಿಸಿದೆ.

ಕಡಲಾಚೆಯ ಸಂಗತಿ ಎಂದು ನಾವು ಸುಮ್ಮನಿರುವಂತಿಲ್ಲ. ಮಾತ್ರೆ ತರಿಸುವ ಫೋನು ನಮ್ಮ ಮಕ್ಕಳ ಕೈಯಲ್ಲೂ ಇದೆ. 'ಇಷ್ಟು ದಪ್ಪಗಿದ್ದರೆ ನಿನ್ನನ್ನು ಯಾರು ಕಟ್ಟಿಕೊಳ್ಳುತ್ತಾರೆ?' ಎಂದು ಮಗಳಿಗೆ ಹೇಳುವವರು ನಾವು. ಪೂಜೆ ಮುಗಿಸಿ ದೇವಾಲಯದ ಹೊರಗೆ ನಿಂತಾಗ ಇನ್ನೊಬ್ಬರ ಮಕ್ಕಳ ಮೈಯ ಬಗ್ಗೆ ನಗೆಯಾಡುವವರೂ ನಾವೇ. ವಿಷವನ್ನು ನಾವು ಮಾರುವುದಿಲ್ಲ. ಅದಕ್ಕೆ ಗಿರಾಕಿಯನ್ನು ಮಾತ್ರ ತಯಾರು ಮಾಡಿ ಕಳುಹಿಸುತ್ತೇವೆ. ಆತ್ಮಶೋಧನೆಯ ವೇಳೆ ಈ ಮಾತುಗಳನ್ನೂ ನೆನೆಯೋಣ.

ತೂಕ ಇಳಿಸುವುದು ತಪ್ಪಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗೆ ಅದು ಅಗತ್ಯವೂ ಹೌದು. ಆದರೆ ವೈದ್ಯರ ಸಲಹೆಯಿಲ್ಲದೆ, ಯಾರು ತಯಾರಿಸಿದರೆಂದೇ ತಿಳಿಯದ ಮಾತ್ರೆಯನ್ನು ಬಾಯಿಗೆ ಹಾಕಬಾರದು. ಮಗಳೋ ಮಗನೋ ಊಟ ಬಿಟ್ಟರೆ, ಉಂಡೊಡನೆ ಬಚ್ಚಲಿಗೆ ಓಡುತ್ತಿದ್ದರೆ, ಗದರಿಸದೆ ಹತ್ತಿರ ಕೂರಿಸಿಕೊಂಡು ಕೇಳಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಇಂಥ ಮಾತ್ರೆ ನುಂಗಿದ್ದಾರೆಂದು ತಿಳಿದರೆ, ಮೈ ಬಿಸಿಯಾಗುವವರೆಗೆ ಕಾಯದೆ, ಮಾತ್ರೆಯ ಪೊಟ್ಟಣದ ಸಮೇತ ಕೂಡಲೇ ಆಸ್ಪತ್ರೆಗೆ ಓಡಿ. ತಪ್ಪು ಯಾರದೆಂದು ವಿಚಾರಿಸಲು ಆಮೇಲೆ ಸಮಯವಿದೆ.