ಏಟು ಯಾರದು, ಹೆಸರು ಯಾರದು?

ನಮ್ಮೂರು ಬ್ಯಾಟರಾಯನಪುರ. ಹೆಸರಲ್ಲೇ ಬ್ಯಾಟೆ ಇದೆ, ರಾಯ ಇದ್ದಾನೆ. ಪೊದೆ ಬಡಿದು, ಗಂಟಲು ಹರಿಯೋ ಹಾಗೆ ಕೂಗಿ ಮಿಕ ಎಬ್ಬಿಸಿದವರ ಹೆಸರಿನ ಊರನ್ನು ಮಾತ್ರ ನಾನು ಕಾಣೆ. ಏಟು ಬಿದ್ದ ಮೇಲೆ ಅದು ಯಾರದು ಅಂತ ಬರೆಯೋನು ಯಾರು? ಇದನ್ನು ಕೇಳೋದಕ್ಕೆ ದೂರದ ಒಂದು ಆಟವನ್ನು ಎತ್ತಿಕೊಂಡಿದ್ದೇನೆ. ಐಸ್ ಹಾಕಿ. ನಮ್ಮ ಕಡೆ ಐಸು ಅಂದರೆ ಐಸ್‌ಕ್ಯಾಂಡಿ, ಇಲ್ಲಾ ಮೀನಿನ ಪೆಟ್ಟಿಗೆ. ಆದರೂ ಆ ಆಟದ ಒಂದು ಏಟಿನ ಕಥೆ ನಮ್ಮ ಕೇರಿಯ ಕಥೆಯ ಹಾಗೇ ಇದೆ.

ಆ ಏಟಿನ ಹೆಸರು ಸ್ಲ್ಯಾಪ್ ಶಾಟ್. ಅಲ್ಲಿ ಚೆಂಡಿಲ್ಲ, ಪಕ್ ಅನ್ನೋ ಗಟ್ಟಿ ರಬ್ಬರಿನ ಬಿಲ್ಲೆ, ತೂಕ ಹೆಚ್ಚೆಂದರೆ 170 ಗ್ರಾಂ. ಆಟಗಾರ ಕೋಲನ್ನು ಹಿಂದಕ್ಕೆ ಎತ್ತಿ ಬೀಸುತ್ತಾನೆ. ಕೋಲು ಮೊದಲು ತಾಗೋದು ಬಿಲ್ಲೆಗಲ್ಲ, ಅದಕ್ಕಿಂತ ತುಸು ಹಿಂದೆ ಐಸಿನ ನೆಲಕ್ಕೆ. ಅಲ್ಲಿ ಕೋಲು ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದ್ದು ಚಿಮ್ಮಿ ನೆಟ್ಟಗಾಗುವಾಗ ಆ ಕಸುವೆಲ್ಲ ಬಿಲ್ಲೆಗೆ ಇಳಿಯುತ್ತದೆ. 2012ರಲ್ಲಿ ಜ್ಡೆನೊ ಚಾರಾ ಅನ್ನೋ ಆಟಗಾರ ಹೊಡೆದ ಏಟಿನ ವೇಗ ಗಂಟೆಗೆ 175 ಕಿಲೋಮೀಟರ್.

ಇಷ್ಟು ಹೇಳಿದ ಕೂಡಲೇ ಉಪದೇಶದವರು ಎದ್ದು ನಿಲ್ಲುತ್ತಾರೆ: ನೋಡ್ರಪ್ಪಾ, ಬಾಗಿದ್ದಕ್ಕೇ ಬಲ, ನೀವೂ ಬಾಗಿ, ಸಹಿಸಿ. ಇದು ಮೋಸದ ಮಾತು. ಕೋಲು ಬಾಗೋದು ಒಂದು ಕ್ಷಣ, ಅದೂ ಹಿಡಿದವನ ಇಷ್ಟದಿಂದ. ನಮ್ಮ ಅಪ್ಪ ಅಜ್ಜಂದಿರ ಬೆನ್ನು ಬಾಗಿದ್ದು ಇನ್ನೊಬ್ಬರ ಭಾರಕ್ಕೆ, ಜೀವಮಾನವಿಡೀ. ಹಾಗೆ ಬಾಗಿದ್ದು ಚಿಮ್ಮೋದಿಲ್ಲ, ಸವೆಯುತ್ತದೆ. ಆದ್ದರಿಂದ ಪ್ರಶ್ನೆ ಬಾಗೋದರದ್ದಲ್ಲ. ಕೋಲು ಯಾರ ಕೈಲಿದೆ ಅನ್ನೋದೇ ಪ್ರಶ್ನೆ.

ಈ ಏಟನ್ನು ಮೆರೆಸಿದವನು 1950ರ ದಶಕದ ಮಾಂಟ್ರಿಯಲ್ ಆಟಗಾರ ಬರ್ನಿ ಜೆಫ್ರಿಯನ್ ಅಂತಾರೆ. ಅವನ ಏಟಿನ ಸದ್ದಿಗೇ ಅವನಿಗೆ 'ಬೂಮ್ ಬೂಮ್' ಅಂತ ಅಡ್ಡಹೆಸರು. ಆಮೇಲೆ ಶಿಕಾಗೋದ ಬಾಬಿ ಹಲ್. ಕೆಲವರು 1930ರ ದಶಕದ ನ್ಯೂಯಾರ್ಕ್ ತಂಡದವರ ಕಡೆ ಬೆರಳು ತೋರಿಸುತ್ತಾರೆ. ಎಲ್ಲರೂ ಬಿಳಿಯರು. 2004ರಲ್ಲಿ ಜಾರ್ಜ್ ಮತ್ತು ಡ್ಯಾರಿಲ್ ಫಾಸ್ಟಿ 'ಬ್ಲ್ಯಾಕ್ ಐಸ್' ಅನ್ನೋ ಪುಸ್ತಕ ಬರೆದು ಇನ್ನೊಂದು ಹೆಸರನ್ನು ಮುಂದಿಟ್ಟರು: ಎಡ್ಡಿ ಮಾರ್ಟಿನ್, ಕಪ್ಪು ಮನುಷ್ಯ.

ಕೆನಡಾದ ಹ್ಯಾಲಿಫ್ಯಾಕ್ಸ್ ನಗರದಲ್ಲಿ 1895ರಲ್ಲೇ ಕಪ್ಪು ಜನ ತಮ್ಮದೇ ಹಾಕಿ ಲೀಗ್ ಕಟ್ಟಿದ್ದರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರ ಮಕ್ಕಳು ಮೊಮ್ಮಕ್ಕಳು ಅವರಲ್ಲಿದ್ದರು. ಐಸಿನ ಅಂಗಳ ಅವರಿಗೆ ಸಿಗುತ್ತಿದ್ದದ್ದು ಬಿಳಿಯರ ಪಂದ್ಯಗಳು ಮುಗಿದ ಮೇಲೆ. ಮೇಲಿನವರು ಉಂಡೆದ್ದ ಮೇಲೆ ನಮ್ಮವರಿಗೆ ಎಲೆ ಹಾಕಿದ ಹಾಗೆ. ಅಲ್ಲಿನ ಯುರೇಕಾಸ್ ತಂಡದ ಮಾರ್ಟಿನ್ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲೇ ಈ ಏಟು ಹೊಡೆಯುತ್ತಿದ್ದ ಅನ್ನುತ್ತದೆ ಆ ಪುಸ್ತಕ.

ಎಲ್ಲ ಚರಿತ್ರೆಕಾರರೂ ಇದನ್ನು ಒಪ್ಪಿಲ್ಲ, ದಾಖಲೆ ಸಾಲದು ಅಂತಾರೆ. ಇರಬಹುದು. ಆದರೆ ದಾಖಲೆ ಆಕಾಶದಿಂದ ಉದುರುತ್ತದೆಯೇ? 1917ರಲ್ಲಿ ಹುಟ್ಟಿದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಮೊದಲ ಕಪ್ಪು ಆಟಗಾರ ವಿಲ್ಲಿ ಓರೀ ಕಾಲಿಟ್ಟದ್ದು 1958ರಲ್ಲಿ. ಕಪ್ಪು ಲೀಗಿನ ಒಂದು ತಂಡ ಇದ್ದದ್ದು ಆಫ್ರಿಕ್‌ವಿಲ್ ಕೇರಿಯಲ್ಲಿ. ಆ ಕೇರಿಯನ್ನೇ 1960ರ ದಶಕದಲ್ಲಿ ನಗರಸಭೆ ಕೆಡವಿಸಿತು. ಮನೆಯೇ ಉಳಿಯದ ಕಡೆ ಕಾಗದ ಎಲ್ಲಿಂದ ಉಳೀಬೇಕು? ನಮ್ಮ ಮನೆಗೆ ಡಿಗ್ರಿ ಕಾಗದ ಬಂದದ್ದೇ ನನ್ನ ಕಾಲಕ್ಕೆ. ಹಿಂದಿನವರದ್ದು ಹೆಬ್ಬೆಟ್ಟು. ಹೆಬ್ಬೆಟ್ಟು ಚರಿತ್ರೆ ಬರೆಯೋದಿಲ್ಲ.

ಹಾಗಂತ ಸಾಕ್ಷಿ ಸಾಲದ್ದನ್ನು ನಿಜ ಅಂತ ಸಾರಿದರೆ ಅದೂ ಪುರಾಣವೇ. ಪುರಾಣಗಳ ಏಟು ತಿಂದವರು ನಾವು, ನಾವೇ ಇನ್ನೊಂದು ಕಟ್ಟಬಾರದು. ಅನುಮಾನ ಇರಲಿ, ಆದರೆ ಅದು ಜೆಫ್ರಿಯನ್‌ಗೂ ಮಾರ್ಟಿನ್‌ಗೂ ಒಂದೇ ತಕ್ಕಡಿಯಲ್ಲಿ ತೂಗಲಿ.

ಇದು ಬರೀ ಕೆನಡಾದ ಮಾತಲ್ಲ. ಅದೇ 1890ರ ದಶಕದಲ್ಲಿ, ನಮ್ಮ ಧಾರವಾಡದಲ್ಲಿ 1876ರಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಪುಣೆಯ ಜಿಮಖಾನಾದಲ್ಲಿ ಇಂಗ್ಲಿಷರಿಗೆ ಗಂಟೆಗಟ್ಟಲೆ ಬೌಲ್ ಮಾಡುತ್ತಿದ್ದರು. ಚಮ್ಮಾರ ಜಾತಿಯವರು. ಬ್ಯಾಟು ಮಾತ್ರ ಅವರ ಕೈಗೆ ಕೊಡಲಿಲ್ಲ. ಬೆವರು ಸುರಿಸಿ ಚೆಂಡು ಹಾಕೋದು ಕೂಲಿ, ನಿಂತು ಹೊಡೆಯೋದು ದೊರೆತನ. ಹಿಂದೂಗಳ ತಂಡಕ್ಕೆ ಅವರ ವಿಕೆಟ್ ಬೇಕಿತ್ತು. ಚಹಾ ಮಾತ್ರ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ಪಡೆದದ್ದು 114 ವಿಕೆಟ್. ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲೇ ಇಲ್ಲ. 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು.

ಕೋಲು ಸಿಕ್ಕಿ, ಹೆಸರೂ ಸಿಕ್ಕರೆ ಮುಗಿಯಿತೇ? 2020ರಲ್ಲಿ ಕೆನಡಾದ ಅಂಚೆ ಇಲಾಖೆ ಆ ಕಪ್ಪು ಲೀಗಿಗೆ ಒಂದು ಸ್ಟ್ಯಾಂಪು ತಂದಿತು. ಒಳ್ಳೇದೇ. ಆದರೆ 2021ರಲ್ಲಿ ಇಲ್ಲಿ ನಡೆದದ್ದು ನೋಡಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದಲಿತರ ಮಗಳು ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾ ಮೇಲೆ ಮೂರು ಗೋಲು ಹೊಡೆದಳು. ಒಲಿಂಪಿಕ್ಸ್ ಹಾಕಿಯಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಮಹಿಳೆ. ಕೆಲವೇ ದಿನಕ್ಕೆ ತಂಡ ಅರ್ಜೆಂಟೀನಾ ಎದುರು ಸೋತಿತು. ಹರಿದ್ವಾರ ಜಿಲ್ಲೆಯ ಅವಳ ಮನೆಯ ಮುಂದೆ ಪಟಾಕಿ ಹೊಡೆದು, ಜಾತಿ ಹಿಡಿದು ಬೈದರು ಅಂತ ಮನೆಯವರು ದೂರು ಕೊಟ್ಟರು. ಗೆದ್ದಾಗ ದೇಶದ ಮಗಳು, ಸೋತಾಗ ಕೇರಿಯ ಮಗಳು.

ಗೆಳೆಯರೇ, ಹಾಗೆ ನೋಡಿದರೆ ಏಟಿಗೆ ಒಡೆಯನೇ ಬೇಡ. ಕೈಯಿಂದ ಕೈಗೆ ದಾಟೋ ವಿದ್ಯೆ ಅದು. ಆದರೆ ಈ ಮಾತನ್ನು ಹೆಸರು ನುಂಗಿದವರು ಆಡಬಾರದು. ಮೊದಲು ಹೆಸರು ವಾಪಸು ಕೊಡಲಿ, ಆಮೇಲೆ ಒಡೆತನ ಬಿಡೋಣ. ಪ್ರತಿಭೆಗೆ ಕೈಮುಗಿಯೋದು ಸುಲಭ. ಕೇರಿಯ ಹುಡುಗಿಯ ಕೈಗೆ ಕೋಲು ಕೊಡಬೇಕು, ಆಡಿ ಬಂದಾಗ ಎಲ್ಲರ ಲೋಟದಲ್ಲೇ ನೀರು ಕೊಡಬೇಕು. ಗೋಲು ಹೊಡೆದ ದಿನ ಮಾತ್ರ ಅಲ್ಲ, ಸೋತು ಬಂದ ದಿನವೂ.