ಗಲ್ಲಾದ ದುಡ್ಡು ನನ್ನದಲ್ಲ

ಹಿರಿಯೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ತೆರೆದ ಮೊದಲ ಬೇಸಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮಾರ್ಚ್ ಬಂತೆಂದರೆ ನಮ್ಮ ಕಡೆ ಬೋರ್‌ವೆಲ್ ನೀರು ಇಳಿಯುತ್ತದೆ, ವೋಲ್ಟೇಜ್ ಬೀಳುತ್ತದೆ, ಮೋಟಾರ್ ಸುಡುತ್ತದೆ. ತೋಟ ಒಣಗುವ ಭಯಕ್ಕೆ ರೈತರು ಬೆಳಿಗ್ಗೆ ಆರಕ್ಕೇ ಮೋಟಾರ್ ಹೊತ್ತು ತಂದು ಬಾಗಿಲಲ್ಲಿ ಕಾಯುತ್ತಿದ್ದರು. ಸುಟ್ಟ ಕಾಯಿಲ್ ಕಿತ್ತು, ಸ್ಲಾಟ್ ಕೆರೆದು, ಹೊಸ ತಂತಿ ಕೂರಿಸುವ ಹೊತ್ತಿಗೆ ರಾತ್ರಿ ಹನ್ನೊಂದು. ಗಲ್ಲಾಪೆಟ್ಟಿಗೆ ಮುಚ್ಚಬೇಕೆಂದರೆ ನೋಟುಗಳನ್ನು ಅಂಗೈಯಿಂದ ಅದುಮಬೇಕಿತ್ತು.

ಹತ್ತು ವರ್ಷ ಒಂದು ಕಾರ್ಖಾನೆಯಲ್ಲಿ ದುಡಿದು, ಕೊನೆಯ ಎರಡು ತಿಂಗಳ ಸಂಬಳ ಕೈಗೆ ಸಿಗದೆ ಹೊರಬಿದ್ದವನು ನಾನು. ಒಬ್ಬ ಯಜಮಾನ ಕೈಬಿಟ್ಟರೆ ಮನೆಯ ಒಲೆ ಆರುತ್ತದೆ, ನೂರು ಗಿರಾಕಿಗಳಲ್ಲಿ ಹತ್ತು ಜನ ಬಿಟ್ಟುಹೋದರೂ ಉಳಿದವರು ಅನ್ನ ಹಾಕುತ್ತಾರೆ ಎಂಬ ಲೆಕ್ಕದಲ್ಲೇ ಸ್ವಂತ ಕೆಲಸಕ್ಕೆ ಇಳಿದಿದ್ದೆ. ಆ ಲೆಕ್ಕ ಇವತ್ತಿಗೂ ಸರಿ ಎನ್ನುತ್ತೇನೆ. ತಪ್ಪಿದ್ದು ನನ್ನ ಕೈ. ಮಗಳ ಫೀಸು, ಹೊಸ ಬೈಕು, ಭಾವಮೈದುನನ ಮದುವೆಯ ಉಡುಗೊರೆ, ಎಲ್ಲಕ್ಕೂ ಕೈ ನೇರವಾಗಿ ಗಲ್ಲಾಕ್ಕೇ ಹೋಗುತ್ತಿತ್ತು. ನನ್ನ ಅಂಗಡಿ, ನನ್ನ ದುಡ್ಡು, ಕೇಳುವವರು ಯಾರು?

ಕೇಳಿದ್ದು ಆಷಾಢ. ಮಳೆ ಬಿದ್ದಿತ್ತು, ಮೋಟಾರ್‌ಗಳು ಸುಡುವುದು ನಿಂತಿತ್ತು. ಬೇಸಿಗೆಯಲ್ಲಿ ಉದ್ರಿ ಮಾಡಿಸಿಕೊಂಡವರು ‘ಈರುಳ್ಳಿ ಮಾರಿದ ಮೇಲೆ ಕೊಡ್ತೀನಿ’ ಎಂದಿದ್ದರು. ಈರುಳ್ಳಿ ಇನ್ನೂ ಹೊಲದಲ್ಲಿತ್ತು. ಅಷ್ಟರಲ್ಲಿ ಒಂದು ದೊಡ್ಡ ಮೋಟಾರ್ ಬಂತು. ತಾಮ್ರದ ತಂತಿ ತರಲು ಗಲ್ಲಾದಲ್ಲಿ ಕಾಸಿಲ್ಲ, ತಂತಿ ಅಂಗಡಿಯವರು ಹಳೇ ಬಾಕಿ ತೀರಿಸಿ ಅಂದರು. ನನ್ನಾಕೆ ಒಂದು ಮಾತೂ ಆಡದೆ ಎರಡು ಬಳೆ ತೆಗೆದು ಟೇಬಲ್ ಮೇಲಿಟ್ಟಳು. ಆ ಬಳೆಗಳ ಸದ್ದು ಈಗಲೂ ಕೇಳುತ್ತದೆ.

ಆ ವಾರ ನಮ್ಮ ಬೀದಿಗೆ ಪಿಗ್ಮಿ ಕಟ್ಟಿಸಿಕೊಳ್ಳಲು ಬರುವ ಹಿರಿಯರು ಅಂಗಡಿ ಮುಂದೆ ನಿಂತರು. ‘ಇವತ್ತು ಏನೂ ಇಲ್ಲ ಸ್ವಾಮಿ’ ಎಂದೆ. ‘ನೋಡಪ್ಪಾ, ಗಲ್ಲಾದಲ್ಲಿರೋದು ಅಂಗಡೀ ದುಡ್ಡು. ನಿನ್ನ ಸಂಬಳ ಎಷ್ಟು ಅಂತ ಮೊದಲು ಗೊತ್ತು ಮಾಡ್ಕೋ’ ಅಂದರು. ನನಗೆ ಸಂಬಳವೇ? ಸಂಬಳ ಬೇಡವೆಂದೇ ತಾನೇ ಇಲ್ಲಿಗೆ ಬಂದದ್ದು!

ಪಿಗ್ಮಿಯ ಹುಟ್ಟೂ ನಮ್ಮ ನಾಡಿನದೇ. ಕಸುಬು ಕುಸಿದ ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದು 1928ರಲ್ಲಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೆ ಹೋಗಿ ಕಟ್ಟಿಸಿಕೊಳ್ಳತೊಡಗಿತು. ತಿಂಗಳ ಸಂಬಳ ಕಾಣದ ಜನಕ್ಕೆ ತಿಂಗಳ ಉಳಿತಾಯ ಆಗಿಬರುವುದಿಲ್ಲ, ದಿನದ ದುಡಿಮೆಗೆ ದಿನದ ಉಳಿತಾಯವೇ ಸರಿ ಎಂಬುದನ್ನು ಆ ಸಂಸ್ಥೆಯವರು ಕಂಡುಕೊಂಡಿದ್ದರು.

‘ಆಳಾಗಬಲ್ಲವನು ಅರಸಾಗಬಲ್ಲ’ ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಮೇಷ್ಟ್ರಿಂದ ಭೇಷ್ ಅನ್ನಿಸಿಕೊಂಡಿದ್ದೆ. ಅರ್ಥವಾದದ್ದು ಮೂವತ್ತೈದು ದಾಟಿದ ಮೇಲೆ. ಮೊದಲು ಆಳಾಗಿ ದುಡಿ, ಆಮೇಲೆ ಅರಸನಾಗುವೆ ಎಂದಷ್ಟೇ ತಿಳಿದಿದ್ದೆ. ಸ್ವಂತ ಉದ್ಯೋಗದಲ್ಲಿ ಎರಡೂ ಒಂದೇ ದಿನ, ಒಂದೇ ಮೈಯಲ್ಲಿ ನಡೆಯಬೇಕು. ಅಂಗಡಿ ಅರಸ, ನಾನು ಅದರ ಆಳು. ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯಬೇಕು, ತಿಂಗಳಿಗೊಮ್ಮೆ ಗೊತ್ತುಮಾಡಿದ ಸಂಬಳ ತೆಗೆದುಕೊಳ್ಳಬೇಕು, ಸಾಲದೆ ಹೋದರೆ ಮನೆಯ ಖರ್ಚು ಇಳಿಸಬೇಕೇ ಹೊರತು ಅರಸನ ಬೊಕ್ಕಸಕ್ಕೆ ಕೈ ಹಾಕಬಾರದು. ಬೇರೆಯವರ ಕಾರ್ಖಾನೆಯ ಗಲ್ಲಾಕ್ಕೆ ಕೈ ಹಾಕುತ್ತಿದ್ದೆನೇ? ನನ್ನದಕ್ಕೆ ಹಾಕಲು ನಾಚಿಕೆಯಾಗಲಿಲ್ಲವಲ್ಲ! ಇದನ್ನು ಈಗಲೂ ನನಗೆ ನಾನೇ ಹೇಳಿಕೊಳ್ಳಬೇಕು. ಬೇಸಿಗೆಯಲ್ಲಿ ಗಲ್ಲಾ ತುಂಬಿದಾಗ ಕೈ ತುರಿಸುತ್ತದೆ.

ಸಂಬಳ ಎಷ್ಟಿರಬೇಕು? ಇಡೀ ವರ್ಷದ ಆದಾಯದಿಂದ ಅಂಗಡಿ ಖರ್ಚು ಕಳೆದು, ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿ, ಬಂದದ್ದಕ್ಕಿಂತ ಸ್ವಲ್ಪ ಕಡಿಮೆ. ಬೇಸಿಗೆಯ ತಿಂಗಳನ್ನು ನೋಡಿ ಗೊತ್ತು ಮಾಡಿದರೆ ಕೆಟ್ಟಿರಿ.

ಇನ್ನು ಈಗಷ್ಟೇ ಕೆಲಸ ಬಿಡಲು ಹೊರಟಿರುವ ತಮ್ಮಂದಿರು, ತಂಗಿಯರು ದಯವಿಟ್ಟು ಆತುರಪಡಬೇಡಿ. ಆರು ತಿಂಗಳ ಮನೆ ಖರ್ಚು ಬೇರೆ ಇಟ್ಟ ಮೇಲೆ ರಾಜೀನಾಮೆ ಬರೆಯಿರಿ. ಕೆಲಸ ಕಲಿಯದೆ ಬಂಡವಾಳ ಹಾಕಬೇಡಿ; 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ತರಬೇತಿ ಸಂಸ್ಥೆಗಳು ಈಗ ಜಿಲ್ಲೆಗಳಲ್ಲಿವೆ, ಊಟ, ವಸತಿ ಕೊಟ್ಟು ಉಚಿತವಾಗಿ ಕಲಿಸುತ್ತವೆ. ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನ ಶಿಶು ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಆದರೆ ಆ ದುಡ್ಡಲ್ಲಿ ಯಂತ್ರ ತನ್ನಿ, ಫ್ರಿಜ್ ತರಬೇಡಿ. ಅಂಗಡಿಗೊಂದು, ಮನೆಗೊಂದು ಬ್ಯಾಂಕ್ ಖಾತೆ ಇರಲಿ. ನಮಗೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಜ್ವರ ಬಂದು ಮಲಗಿದರೆ ಆ ದಿನದ ದುಡಿಮೆಯೂ ಇಲ್ಲ. ಆದ್ದರಿಂದ ಆರೋಗ್ಯ ವಿಮೆ ಮೊದಲ ಖರ್ಚು. ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಿದರೂ ನಡೆಯುವ, 15 ವರ್ಷದ ಪಿಪಿಎಫ್ ಖಾತೆ ಅಂಚೆ ಕಚೇರಿಯಲ್ಲೇ ಸಿಗುತ್ತದೆ.

ಬಳೆ ಬಿಡಿಸಿಕೊಳ್ಳಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಈಗ ತಿಂಗಳ ಒಂದನೇ ತಾರೀಕು ಅಂಗಡಿ ಖಾತೆಯಿಂದ ಮನೆ ಖಾತೆಗೆ ಸಂಬಳ ಹಾಕುತ್ತೇನೆ, ಆಷಾಢದಲ್ಲೂ ಅಷ್ಟೇ ಮೊತ್ತ. ನೀವೂ ಇವತ್ತು ಷಟರ್ ಎಳೆಯುವ ಮುಂಚೆ ಒಂದು ನೋಟ್‌ಬುಕ್ ತೆಗೆದು, ಮೊದಲ ಸಾಲಿನಲ್ಲಿ ನಿಮ್ಮ ಸಂಬಳ ಎಷ್ಟೆಂದು ಬರೆಯಿರಿ.